ಗ್ರೀಸಿನ ಪತ್ತೇದಾರಿ ಮತ್ತು ಜಗಳೂರಿನ ಅಂಗಿ

“ಹೆಣ ಹಂಗೆ ಬೀಳಲ್ಲ ನೋಡ್ರಿ.”

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಪಕ್ಕದ ಸೀಟಿನ ಹೆಂಗಸು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ನನ್ನ ತೊಡೆಯ ಮೇಲಿದ್ದ ಪುಸ್ತಕದ ಮುಖಪುಟದಲ್ಲಿ ಮೆಟ್ಟಿಲುಗಳ ಮೇಲೆ ಬಿದ್ದ ಗಂಡಸಿನ ಚಿತ್ರವಿತ್ತು. ಅವರು ಪುಸ್ತಕವನ್ನು ಕೇಳಿ ಪಡೆದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. “ಉರುಳಿ ಬಿದ್ದೋನ ಕೈ ಹಿಂಗೆ ನೆಟ್ಟಗಿರಲ್ಲ. ಯಾರೋ ತಂದು ಮಲಗ್ಸಿದಾರೆ. ಇಲ್ಲ ಅಂದ್ರೆ ಚಿತ್ರ ಬರ್ದೋನು ಹೆಣ ನೋಡಿಲ್ಲ” ಎಂದು ವಾಪಸು ಕೊಟ್ಟರು.

ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಮನೆ ನ್ಯಾಮತಿಯಲ್ಲಿ. ಬಸ್ಸಿನಲ್ಲಿ ಓದುವುದು ಹಳೆಯ ಅಭ್ಯಾಸ. ಆ ಹೆಂಗಸು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು, ಹೊನ್ನಾಳಿಯಲ್ಲೇ ಮನೆ. ಸೇವೆಯ ಬಹುಪಾಲು ಬೇರೆ ಬೇರೆ ಠಾಣೆಗಳಲ್ಲಿ ರೈಟರ್ ಆಗಿದ್ದರಂತೆ. ಬಂದವರ ದೂರು, ಸ್ಥಳದ ಮಹಜರು, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಬರೆದಿಡುವುದು ರೈಟರ್ ಕೆಲಸ. ಊರಿನಲ್ಲಿ ಎಲ್ಲರೂ ಅವರನ್ನು ರೈಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಜೀವಮಾನವೆಲ್ಲ ಬರೆದ ಕಣ್ಣುಗಳನ್ನು ಶುಗರ್ ಕಾಯಿಲೆ ಅರ್ಧ ನುಂಗಿಹಾಕಿತ್ತು. ಪೇಪರಿನ ದೊಡ್ಡ ತಲೆಬರಹ ಬಿಟ್ಟರೆ ಬೇರೇನೂ ಓದಲಾಗುತ್ತಿರಲಿಲ್ಲ.

“ಕೊಲೆ ಕಥೆನಾ? ಯಾವ ಊರಿಂದು?” ಎಂದು ಕೇಳಿದರು.

“ಗ್ರೀಸ್ ದೇಶದ್ದು.”

“ಅಲ್ಲೂ ಕೊಲೆ ಮಾಡ್ತಾರಾ?” ಎಂದು ನಕ್ಕರು. ನಗು ನಿಂತ ಮೇಲೆ, “ನಮಗೂ ಓದಿ ಹೇಳ್ರಿ ಒಂದಿನ. ಶನಿವಾರ ಮಧ್ಯಾಹ್ನ ನಾನು ಮನೇಲೇ ಇರ್ತೀನಿ” ಎಂದರು. ನಾನು ಹ್ಞೂಂ ಎಂದೆ. ಹೋಗುತ್ತೇನೆಂದು ನನಗೇ ನಂಬಿಕೆ ಇರಲಿಲ್ಲ.

ಗ್ರೀಸಿನ ಆ ಕಾದಂಬರಿಗಳು ನನಗೆ ಸಿಕ್ಕಿದ್ದು ಶಿವಮೊಗ್ಗದ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಲ್ಲಿ. ಇಂಗ್ಲಿಷಿಗೆ ಅನುವಾದವಾದ ಮೂರು ಪುಸ್ತಕಗಳು, ಯಾರೋ ಓದಿ ಮಾರಿದ್ದವು. ಗ್ರೀಸ್ ಎಂದರೆ ನನ್ನ ತಲೆಯಲ್ಲಿದ್ದದ್ದು ಮುರಿದ ಕಲ್ಲುಕಂಬಗಳು, ಗಡ್ಡ ಬಿಟ್ಟ ತತ್ವಜ್ಞಾನಿಗಳು, ನೀಲಿ ಸಮುದ್ರ. ಪುಸ್ತಕ ತೆರೆದರೆ ಅದ್ಯಾವುದೂ ಇರಲಿಲ್ಲ. ಅಥೆನ್ಸ್ ನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬೆವರುವ ನಡುವಯಸ್ಸಿನ ಪೊಲೀಸ್ ಅಧಿಕಾರಿ. ಪಿಂಚಣಿ ಕಡಿಮೆಯಾಗಿ ಔಷಧಿ ಅಂಗಡಿಯ ಮುಂದೆ ಯೋಚಿಸುತ್ತ ನಿಂತ ಮುದುಕರು. ಒಂದೇ ಬೀದಿಯಲ್ಲಿ ಸಾಲಾಗಿ ಶಟರ್ ಎಳೆದ ಅಂಗಡಿಗಳು, ಶಟರುಗಳ ಮೇಲೆಲ್ಲ ಬಣ್ಣದಲ್ಲಿ ಗೀಚಿದ ಸಿಟ್ಟಿನ ಮಾತುಗಳು. ಸೈನ್ಯದ ಆಡಳಿತದ ಕಾಲದಲ್ಲಿ ಬೀದಿಗಿಳಿದು ಹೊಡೆತ ತಿಂದ ವಿದ್ಯಾರ್ಥಿಗಳು ಈಗ ದೊಡ್ಡ ಮೇಜುಗಳ ಹಿಂದೆ ಕೂತು, ಹಿಂದೆ ಯಾರ ವಿರುದ್ಧ ಕೂಗಿದ್ದರೋ ಅವರ ಹಾಗೆಯೇ ಮಾತಾಡುತ್ತಿದ್ದರು. ಮೊದಲ ಪುಟದಲ್ಲಿ ಒಂದು ಹೆಣ ಬಿದ್ದಿರುತ್ತದೆ, ನಿಜ. ಆದರೆ ಆ ಹೆಣದ ಹಿಂದೆ ಹೊರಟ ಅಧಿಕಾರಿಯ ಜತೆ ನಾವು ಇಡೀ ಸಮಾಜದೊಳಗೆ ಹೊಕ್ಕು ಹೊರಬರುತ್ತೇವೆ. ಕೊಂದವರು ಯಾರು ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ನಮ್ಮ ತಲೆಯೊಳಗೆ ಕೂತುಬಿಟ್ಟಿರುತ್ತದೆ. ಪಾಠಕ್ಕೆಂದು ಸಾಹಿತ್ಯ ಓದಿ ಓದಿ ಬೇಸತ್ತಿದ್ದ ನನಗೆ, ಪತ್ತೇದಾರಿ ಕಾದಂಬರಿ ಇಷ್ಟು ಹೊರಬಲ್ಲದೆ ಎಂದು ಬೆರಗಾಯಿತು.

ಮುಂದಿನ ಶನಿವಾರ ನಾನು ರೈಟರ್ ಅಕ್ಕನ ಮನೆಗೆ ಹೋದೆ. ಅದರ ಮುಂದಿನ ಶನಿವಾರವೂ ಹೋದೆ. ಇಂಗ್ಲಿಷಿನಲ್ಲಿ ಒಂದು ಪುಟ ಕಣ್ಣಾಡಿಸಿ ಕನ್ನಡದಲ್ಲಿ ಹೇಳುತ್ತಾ ಹೋಗುವುದು ನನ್ನ ಕ್ರಮವಾಯಿತು. ಅವರು ಮಂಡಕ್ಕಿಗೆ ಒಗ್ಗರಣೆ ಹಾಕಿ ತಟ್ಟೆ ನಡುವೆ ಇಟ್ಟು, ಕಾಲು ಚಾಚಿ ಗೋಡೆಗೆ ಒರಗಿ ಕೂರುತ್ತಿದ್ದರು. ಕೇಳುವುದರಲ್ಲಿ ಅವರಂಥ ಚತುರರನ್ನು ನಾನು ಯಾವ ಕ್ಲಾಸಿನಲ್ಲೂ ಕಂಡಿಲ್ಲ.

“ಅವನು ಮನೆಗೆ ಹೋದಾಗ ಹೆಂಡ್ತಿ ಮುನಿಸ್ಕಂಡಿದ್ಳು ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳ್ರಿ” ಎನ್ನುತ್ತಿದ್ದರು. “ಪೊಲೀಸ್ರ ಕಥೇಲಿ ಮನೆ ಇರೋದೇ ಇಲ್ಲ. ಇವ್ನಿಗೆ ಮನೆ ಐತೆ, ಅಡಿಗೆ ಐತೆ, ಬೈಸ್ಕಳಾಕೆ ಜನ ಐತೆ. ಬರ್ದೋನು ಯಾರೋ ಠಾಣೆ ಒಳಗೆ ಕುಂತು ನೋಡ್ಯಾನೆ.”

ಒಂದು ಕಾದಂಬರಿಯಲ್ಲಿ ಉತ್ತರದ ಗಡಿ ದಾಟಿ ಬಂದ ಕೂಲಿಕಾರರ ವಿಷಯ ಬರುತ್ತಿತ್ತು. ಕಟ್ಟಡದ ಕೆಲಸಕ್ಕೆ, ಮುದುಕರ ಆರೈಕೆಗೆ, ಹಣ್ಣು ಕೀಳುವುದಕ್ಕೆ ಬಂದವರು. ಅವರ ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ಊರವರು ತಮ್ಮ ಹೆಸರುಗಳನ್ನೇ ಅವರಿಗೆ ಇಟ್ಟುಬಿಡುತ್ತಾರೆ. ಕೆಲವರು ತಾವೇ ಹೆಸರು ಬದಲಿಸಿಕೊಳ್ಳುತ್ತಾರೆ, ಕೆಲಸ ಸಿಗಲಿ ಎಂದು. ಇದನ್ನು ಹೇಳಿದಾಗ ರೈಟರ್ ಅಕ್ಕ ತಟ್ಟೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ನಮ್ಮಲ್ಲೂ ಅಡಿಕೆ ಸುಲಿಯಾಕೆ ಬರ್ತಾರಲ್ಲ, ಚನ್ನಗಿರಿ ಕಡೆಗೆ. ಅವರಿಗೆ ಹೆಸರೆಲ್ಲೈತೆ? ಜಗಳೂರ್ ಗ್ಯಾಂಗು, ಹರಪನಹಳ್ಳಿ ಗ್ಯಾಂಗು. ಅಷ್ಟೆ.”

ಅವತ್ತು ಮುಂದಕ್ಕೆ ಓದಿದೆ. ಅಂಥ ಕೂಲಿಕಾರನೊಬ್ಬನ ಹೆಣ ಸಿಗುತ್ತದೆ. ಮೇಲಧಿಕಾರಿಗಳಿಗೆ ಅವನು ಯಾರೆಂಬುದು ಬೇಡ. ಗುರುತು ಸಿಗದ ಹೊರಗಿನವನು ಎಂದು ಬರೆದು ಮುಗಿಸಿ ಎನ್ನುತ್ತಾರೆ. ಆದರೆ ಕೆಳದರ್ಜೆಯ ಅಧಿಕಾರಿಯೊಬ್ಬ ಸತ್ತವನ ಬೂಟಿಗೆ ಹಾಕಿದ ಹೊಲಿಗೆಯನ್ನು ಹಿಡಿದು, ಅದನ್ನು ಹೊಲಿದ ಮೋಚಿಯನ್ನು ಹುಡುಕುತ್ತ ಓಣಿ ಓಣಿ ತಿರುಗುತ್ತಾನೆ. ನಾನು ಆ ಭಾಗವನ್ನು ಹುಮ್ಮಸ್ಸಿನಿಂದ ಹೇಳುತ್ತಿದ್ದೆ. ತಲೆ ಎತ್ತಿದಾಗ ರೈಟರ್ ಅಕ್ಕ ಒರಗಿದ್ದವರು ನೆಟ್ಟಗೆ ಕೂತಿದ್ದರು.

“ಸಾಕು ನಿಲ್ಸಮ್ಮ” ಎಂದರು. ಅಲ್ಲಿಯತನಕ ನನ್ನನ್ನು ‘ಮೇಡಂ’, ‘ರೀ’ ಎಂದೇ ಕರೆಯುತ್ತಿದ್ದವರು.

ಆಮೇಲೆ ಅವರು ಹೇಳಿದ್ದು ಇಷ್ಟು. ಹನ್ನೊಂದು ವರ್ಷಗಳ ಹಿಂದೆ, ಅಡಿಕೆ ಸುಲಿಯುವ ಕಾಲದಲ್ಲಿ, ಚನ್ನಗಿರಿ ಕಡೆಯ ಚಾನಲ್ಲಿನಲ್ಲಿ, ಅಂದರೆ ನೀರಾವರಿ ಕಾಲುವೆಯಲ್ಲಿ, ಒಂದು ಹೆಣ ತೇಲಿಬಂದಿತ್ತು. ಮೂವತ್ತರ ಆಸುಪಾಸಿನ ಗಂಡಸು. ಅವರಾಗ ಅಲ್ಲಿಯ ಠಾಣೆಯ ರೈಟರ್. ಯಾವ ಠಾಣೆ ಎಂದು ನಾನಿಲ್ಲಿ ಬರೆಯುವುದಿಲ್ಲ. ಮೈಮೇಲಿದ್ದದ್ದು ಒಂದು ಪ್ಯಾಂಟು, ಒಂದು ಅಂಗಿ. ಅಂಗಿಯ ಕಾಲರಿನ ಒಳಗೆ ಟೈಲರ್ ಅಂಗಡಿಯ ಚೀಟಿ, ಕೆಂಪು ದಾರದ ಅಕ್ಷರ. ಅರ್ಧ ಹರಿದು ‘ಜಗ’ ಎಂಬ ಎರಡೇ ಅಕ್ಷರ ಉಳಿದಿದ್ದವು.

“ಸಾಹೇಬ್ರಿಗೆ ತೋರ್ಸಿದೆ. ಸರ್, ಇದು ಜಗಳೂರು ಇರಬೈದು, ಅಲ್ಲಿಗೆ ಒಂದು ಮಾತು ತಿಳ್ಸಾಣ ಅಂದೆ. ‘ಜಗ ಅಂದ್ರೆ ಜಗತ್ತಮ್ಮ, ಎಲ್ಲಿ ಅಂತ ಹುಡುಕ್ತೀಯ? ಅಪರಿಚಿತ ಅಂತ ಬರಿ’ ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ. ಬರ್ದೆ.”

ಪೇಪರಿನಲ್ಲಿ ನಾಲ್ಕು ಸಾಲು ಬಂತು. ಮೂರು ದಿನ ಯಾರೂ ಬರಲಿಲ್ಲ, ಠಾಣೆಯವರೇ ಇವರೆದುರಿಗೆ ಮಣ್ಣುಮಾಡಿದರು. ಅಸಹಜ ಸಾವು ಎಂದು ಕಡತ ಮುಗಿಯಿತು.

“ನಮ್ಮ ಠಾಣೆಯಿಂದ ಜಗಳೂರಿಗೆ ಒಂದು ಫೋನ್ ಮಾಡಾಕೆ ನಂಗೆ ಯಾರ ಅಪ್ಪಣೆನೂ ಬೇಕಿರಲಿಲ್ಲ” ಎಂದರು ಅವರು.

ಇಷ್ಟು ವರ್ಷ ಆದ ಮೇಲೆ ಯಾರೂ ಏನೂ ಮಾಡಲಾಗದು, ಬಿಡಿ ಎಂಬಂಥ ಸಮಾಧಾನದ ಮಾತು ಬಾಯಿಗೆ ಬಂತು. ಅವರು ಕೇಳಿಸಿಕೊಳ್ಳಲಿಲ್ಲ. “ಮುಂದಿನ ಭಾನುವಾರ ಜಗಳೂರಿಗೆ ಹೋಗಿ ಬರಾಣ ಬರ್ತೀರಾ? ಬೋರ್ಡು ಓದಾಕೆ ನಂಗೆ ಕಣ್ಣು ಸಾಲಲ್ಲ” ಎಂದರು.

ಹೋದೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ದಾರಿ ಹಿಡಿದಾಗ ಹತ್ತು ಗಂಟೆ. ಭತ್ತದ ಗದ್ದೆಗಳು ಮುಗಿದು ಮೆಕ್ಕೆಜೋಳದ ಹೊಲಗಳು ಬಂದವು, ಆಮೇಲೆ ಗುಡ್ಡಗಳು, ಗಾಳಿಯಂತ್ರಗಳು. ಒಂದೇ ಜಿಲ್ಲೆಯಾದರೂ ನಾನು ಜಗಳೂರನ್ನು ಅದುವರೆಗೆ ನೋಡಿರಲಿಲ್ಲ. ಅಥೆನ್ಸಿನ ಓಣಿಗಳ ಹೆಸರುಗಳು ನನಗೆ ಬಾಯಿಪಾಠವಾಗಿದ್ದವು ಎಂಬುದು ನೆನಪಾಗಿ ನಾಚಿಕೆಯಾಯಿತು.

ಮೊದಲ ಎರಡು ಟೈಲರ್ ಅಂಗಡಿಗಳಲ್ಲಿದ್ದವರು ಹೊಸಬರು. ಎರಡನೆಯವನು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಹಳೆಯ ಅಂಗಡಿ ತೋರಿಸಿದ. ಅಲ್ಲಿ ಅರವತ್ತೈದು ದಾಟಿದ ಟೈಲರ್ ಒಬ್ಬರು ಶಾಲಾಮಕ್ಕಳ ಬ್ಯಾಗಿಗೆ ಜಿಪ್ ಕೂರಿಸುತ್ತಿದ್ದರು. ಅಂಗಿ ಹೊಲಿಸುವವರು ಈಗಿಲ್ಲ, ಎಲ್ಲರೂ ರೆಡಿಮೇಡ್ ಹಾಕುತ್ತಾರೆ ಎಂದು ಅವರೇ ಶುರುಮಾಡಿದರು. ರೈಟರ್ ಅಕ್ಕ ಕೆಂಪು ದಾರದ ಚೀಟಿಯ ಬಗ್ಗೆ ಕೇಳಿದರು.

“ನಮ್ದೇ ಅದು. ಕೆಂಪು ಅಕ್ಷರ, ಬಿಳಿ ಪಟ್ಟಿ. ಮದ್ವೆ ಅಂಗಿಗೆ ಮಾತ್ರ ಹಾಕ್ತಿದ್ದೆ. ಯಾಕ್ರಿ?”

“ಬೂದಿ ಬಣ್ಣದ ಬಟ್ಟೆ. ನೀಲಿ ಗೆರೆ. ಗೆರೆ ನಡುವೆ ಸಣ್ಣ ಹಳದಿ ಚುಕ್ಕೆ. ಜೇಬಿನ ಗೆರೆ ಅಂಗಿ ಗೆರೆಗೆ ಸರಿಯಾಗಿ ಕೂತಿತ್ತು.” ಕಡತದಲ್ಲಿ ಬರೆದದ್ದನ್ನು ಅವರು ಒಂದೊಂದೇ ಹೇಳುತ್ತಿದ್ದರು.

ಟೈಲರ್ ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟರು. “ಆ ಬಟ್ಟೆ ನಾನು ಮರೆಯಲ್ಲ. ಗೆರೆ ಕೂಡಿಸಾಕೆ ಎರಡು ದಿನ ತಿಂದಿತ್ತು. ಅಣ್ತಮ್ಮ ಇಬ್ರಿಗೆ ಒಂದೇ ಬಟ್ಟೇಲಿ ಎರಡು ಅಂಗಿ, ತಂಗಿ ಮದ್ವೆಗೆ. ಚಿಕ್ಕವನದು ಕತ್ತರಿಸೋದೇ ಕಷ್ಟ ಆಗಿತ್ತು.”

“ಯಾಕೆ?”

“ಅವ್ನ ಎಡಗಡೆ ಭುಜ ಒಂದು ಬೆರಳು ತಗ್ಗು. ಸಣ್ಣೋನಿದ್ದಾಗ ಮರದಿಂದ ಬಿದ್ದಿದ್ನಂತೆ.”

ರೈಟರ್ ಅಕ್ಕ ಅಂಗಡಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತರು. “ಹೌದು. ಅದನ್ನೂ ಬರ್ದಿದೀನಿ” ಎಂದರು.

ಒಬ್ಬ ಮನುಷ್ಯನ ಮೈಯ ಅಳತೆ ಬದುಕಿದ್ದಾಗ ತೆಗೆದವರು ಒಬ್ಬರು, ಸತ್ತ ಮೇಲೆ ತೆಗೆದವರು ಇನ್ನೊಬ್ಬರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಟೈಲರ್ ಅಂಗಡಿಗೆ ಬೀಗ ಹಾಕಿ, ತಾವೇ ಆಟೋ ಹತ್ತಿಸಿಕೊಂಡು ನಮ್ಮನ್ನು ಆ ಅಣ್ಣತಮ್ಮಂದಿರ ಹಳ್ಳಿಗೆ ಕರೆದೊಯ್ದರು.

ಅಣ್ಣ ಆ ಹೊತ್ತಿಗೆ ಊರಲ್ಲಿರಲಿಲ್ಲ, ಹಾರ್ವೆಸ್ಟರ್ ಜತೆ ಬೇರೆ ತಾಲ್ಲೂಕಿಗೆ ಹೋಗಿದ್ದ. ತಂಗಿಯನ್ನು ಕೊಟ್ಟಿದ್ದು ಅದೇ ಊರಿಗೆ. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಕೆಲಸ ಮಾಡುವ, ಮೂವತ್ತೈದರ ಹೆಂಗಸು. ಟೈಲರನ್ನು ಕಂಡು, “ಬರ್ರಿ, ಕುತ್ಕಳ್ರಿ” ಎಂದು ಚಾಪೆ ಹಾಸಿದಳು. ನೀರು ತರಲು ಒಳಗೆ ಹೋದವಳನ್ನು ರೈಟರ್ ಅಕ್ಕ ಕರೆದು ಕೂರಿಸಿಕೊಂಡರು. ಮದುವೆಯ ಫೋಟೋ ಇದ್ದರೆ ತೋರಿಸು ಎಂದರು. ಅವಳು ಆಲ್ಬಂ ತಂದಳು. ವಧೂವರರ ಎರಡು ಕಡೆ ಒಂದೇ ಬಟ್ಟೆಯ ಅಂಗಿ ತೊಟ್ಟ ಇಬ್ಬರು ನಿಂತಿದ್ದರು. ರೈಟರ್ ಅಕ್ಕ ಆಲ್ಬಮ್ಮನ್ನು ಕಣ್ಣಿಗೆ ತಾಗುವ ಹಾಗೆ ಹಿಡಿದು ನೋಡಿದರು. ಅವರ ಬೆರಳು ಚಿಕ್ಕವನ ಮೇಲೆ ನಿಂತಿತು.

“ಇವ್ನು ಎಲ್ಲಿದಾನೆ ಈಗ?”

“ಗೊತ್ತಿಲ್ರಿ. ನನ್ ಮ್ಯಾಲೆ ಸಿಟ್ಟು ಮಾಡ್ಕಂಡು ಹೋಗ್ಯಾನೆ.”

ಮದುವೆಯಾದ ವರ್ಷ ಅವನು ಕುಡಿದು ಇವಳ ಗಂಡನ ಮನೆಗೆ ಬಂದು ಗಲಾಟೆ ಮಾಡಿದ್ದ. ಅತ್ತೆ ಮಾವನ ಮುಂದೆ ಅವಮಾನವಾಗಿ, ಇನ್ನು ಈ ಮನೆ ಹೊಸ್ತಿಲು ತುಳಿಯಬೇಡ ಎಂದಿದ್ದಳು. ಆ ವಾರವೇ ಅವನು ಅಡಿಕೆ ಸುಲಿಯುವ ಗ್ಯಾಂಗಿನೊಂದಿಗೆ ಚನ್ನಗಿರಿ ಕಡೆ ಹೋದ. ಗ್ಯಾಂಗು ಮರಳಿತು, ಅವನು ಮರಳಲಿಲ್ಲ. ನಡುವೆಯೇ ಬಿಟ್ಟುಹೋದ ಎಂದು ಮೇಸ್ತ್ರಿ ಹೇಳಿದ. ಅವನ ಸ್ವಭಾವ ಗೊತ್ತಿದ್ದ ಮನೆಯವರು ಅದನ್ನು ನಂಬಿದರು. ಎಲ್ಲೋ ಗೋವಾ ಕಡೆ ಸಂಸಾರ ಹೂಡಿದ್ದಾನೆಂದು ಯಾರೋ ಹೇಳಿದ್ದನ್ನೂ ನಂಬಿದರು. ದೂರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಿಟ್ಟು ಮಾಡಿಕೊಂಡು ಹೋದವನನ್ನು ಪೊಲೀಸರು ಹುಡುಕುತ್ತಾರೆಯೆ?

ರೈಟರ್ ಅಕ್ಕ ಎಲ್ಲವನ್ನೂ ಹೇಳಿದರು. ಮಹಜರು ಓದಿದ ಹಾಗೆ, ಏರಿಳಿತವಿಲ್ಲದೆ. ಚೀಟಿಯ ಎರಡು ಅಕ್ಷರದ ವಿಷಯ ಬಂದಾಗ ಮಾತ್ರ ಒಮ್ಮೆ ನಿಲ್ಲಿಸಿ, “ಅವತ್ತೇ ನಂಗೆ ಜಗಳೂರು ಅಂತ ಗೊತ್ತಾಗಿತ್ತವ್ವ. ಸುಮ್ನಾದೆ” ಎಂದರು. ಅಷ್ಟನ್ನು ಹೇಳದೆ ಇದ್ದಿದ್ದರೆ ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ಅಲ್ಲಿಯವರೆಗೆ ನಾನು ಮೆಚ್ಚಿದ್ದು ಅವರ ಚುರುಕುತನವನ್ನು. ಆ ಚಾಪೆಯ ಮೇಲೆ ನಾನು ಕಂಡದ್ದು ಬೇರೆಯೇ ಗುಣ.

ಆ ಹೆಣ್ಣುಮಗಳು ಅಳಲಿಲ್ಲ. ಆಲ್ಬಮ್ಮನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. “ಹನ್ನೊಂದು ವರ್ಷ ಅವ್ನು ನನ್ನ ಮಾತಿಗೇ ಬರ್ತಿಲ್ಲ ಅನ್ಕಂಡಿದ್ದೆ” ಎಂದಳು. ಆಮೇಲೆ, “ಅವ್ನ ಮುಖ ಹೆಂಗಿತ್ರಿ?” ಎಂದು ಕೇಳಿದಳು.

“ಮಲಗಿದಂಗಿತ್ತು” ಎಂದರು ರೈಟರ್ ಅಕ್ಕ.

ಅದು ಸುಳ್ಳು. ನೀರಿನಲ್ಲಿ ಎರಡು ದಿನ ಇದ್ದ ಮುಖ ಹೇಗಿತ್ತೆಂದು ಅವರು ನನಗೆ ಬಸ್ಸಿನಲ್ಲಿ ಹೇಳಿದ್ದರು. ನಾನು ಕಿಟಕಿಯ ಕಡೆ ನೋಡಿದೆ.

ಆಮೇಲಿನದು ಕಾಗದಗಳ ಕೆಲಸ, ಏಳು ತಿಂಗಳು ಹಿಡಿಯಿತು. ಅಣ್ಣ ಬಂದು ಅರ್ಜಿ ಕೊಟ್ಟ. ನಾನು ಬರೆದುಕೊಟ್ಟೆ, ರೈಟರ್ ಅಕ್ಕ ಒಂದೊಂದು ಪದವನ್ನೂ ತಿದ್ದಿಸಿದರು. ತನಗೆ ಅನುಮಾನವಿದ್ದೂ ಮುಂದುವರಿಸಲಿಲ್ಲ ಎಂಬ ಹೇಳಿಕೆಯನ್ನು ಅವರು ತಮ್ಮ ಸಹಿಯೊಂದಿಗೆ ಕೊಟ್ಟರು. ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರು ಅವರಿಗೆ ಫೋನ್ ಮಾಡುವುದನ್ನು ಬಿಟ್ಟರು. “ಈಗ್ಯಾಕೆ ಇದೆಲ್ಲ ಕೆದಕಾಕೆ ಹೋಗ್ತೀಯ, ಆರಾಮಾಗಿರಬಾರ್ದಾ” ಎಂದು ಒಬ್ಬರು ಮನೆಗೇ ಬಂದು ಹೇಳಿಹೋದರು. ಅವರಿಗೂ ಮಂಡಕ್ಕಿ ಕೊಟ್ಟು ಕಳಿಸಿದರಂತೆ. ಠಾಣೆಗೆ ಈಗ ಬಂದಿದ್ದ ಅಧಿಕಾರಿ ಮೂವತ್ತೂ ತುಂಬದ ಹೆಣ್ಣುಮಗಳು. ಹಳೆಯ ಕಡತಗಳ ಕೋಣೆಯಲ್ಲಿ ಖುದ್ದು ನಿಂತು ಹುಡುಕಿಸಿ ಫೋಟೋ ತೆಗೆಸಿಕೊಟ್ಟಳು. ಅಣ್ಣ ಗುರುತು ಹಿಡಿದ. ಅಪರಿಚಿತ ಎಂಬ ಪದದ ಜಾಗದಲ್ಲಿ ಒಂದು ಹೆಸರು, ತಂದೆಯ ಹೆಸರು, ಊರಿನ ಹೆಸರು ಬಂದವು. ಅವನು ಕಾಲು ಜಾರಿ ಬಿದ್ದನೋ, ತಾನೇ ಹಾರಿದನೋ, ಯಾರಾದರೂ ದೂಡಿದರೋ, ಅದು ನಮಗೆ ಇವತ್ತಿಗೂ ತಿಳಿದಿಲ್ಲ. ತಿಳಿಯುವ ದಾರಿಯೂ ಇಲ್ಲ.

ಹೆಸರು ಬಂದ ಮೇಲೆ ಒಂದು ಬೆಳಿಗ್ಗೆ ನಾವೆಲ್ಲ ಸೇರಿ ಅವನನ್ನು ಮಣ್ಣುಮಾಡಿದ ಜಾಗಕ್ಕೆ ಹೋದೆವು. ಚನ್ನಗಿರಿಯ ರಸ್ತೆಯಲ್ಲಿ ತ್ಯಾವಣಿಗೆ ದಾಟಿ ಇನ್ನೂ ಬಹಳ ಮುಂದೆ, ಚಾನಲ್ ಏರಿಯ ಕೆಳಗಿನ ಸ್ಮಶಾನ. ಗುರುತಿನ ಕಲ್ಲಿರಲಿಲ್ಲ. ರೈಟರ್ ಅಕ್ಕ ಹೊಂಗೆಮರದಿಂದ ಹೆಜ್ಜೆ ಹಾಕಿಕೊಂಡು ಹೋಗಿ, “ಇಲ್ಲೇ, ಒಂದು ಮಾರು ಆಚೆ ಈಚೆ ಇರಬೈದು” ಎಂದರು. ತಂಗಿ ಅಲ್ಲಿ ಕೂತು ಮಣ್ಣಿನ ಮೇಲೆ ಅಂಗೈ ಊರಿದಳು. “ಸಿಟ್ಟು ಬಿಡೋ” ಎಂದಷ್ಟೇ ಅಂದಳು. ಅಣ್ಣ ದೂರ ಹೋಗಿ ಚಾನಲ್ಲಿನ ನೀರು ನೋಡುತ್ತಾ ನಿಂತ. ಬದಿಯ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮ ಕಡೆ ನೋಡಿದರು. ಅವರಲ್ಲೊಬ್ಬಳು ನೀರಿನ ಬಾಟಲಿ ತಂದು ತಂಗಿಗೆ ಕೊಟ್ಟಳು, ಏನೆಂದೂ ಕೇಳಲಿಲ್ಲ.

ಗ್ರೀಸಿನ ಆ ಕಾದಂಬರಿಕಾರರಿಗೆ ಇದನ್ನೆಲ್ಲ ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವರ ಪುಸ್ತಕಗಳನ್ನು ವಿಮರ್ಶಕರು ಬಿಕ್ಕಟ್ಟಿನ ಕಾಲದ ಕನ್ನಡಿ, ನಗರದ ಚರಿತ್ರೆ ಎಂದೆಲ್ಲ ಹೊಗಳುತ್ತಾರೆ. ಹೊಗಳಲಿ, ಅದಕ್ಕೆ ಅವು ಅರ್ಹವೇ. ನಾನು ಮೆಚ್ಚುವುದು ಇನ್ನೊಂದನ್ನು. ಅವರು ತಮ್ಮ ಪೊಲೀಸರನ್ನು ದೇವರಾಗಿಸುವುದಿಲ್ಲ. ಹಿಂದೊಮ್ಮೆ ತಪ್ಪು ಕಡೆ ನಿಂತಿದ್ದವನು, ಲಾಕಪ್ಪಿನಲ್ಲಿ ನಡೆದದ್ದನ್ನು ಕಂಡೂ ಬಾಯಿ ಮುಚ್ಚಿಕೊಂಡಿದ್ದವನು, ಇಂಥವನೇ ಒಂದು ದಿನ ಒಂದು ಬೂಟಿನ ಹೊಲಿಗೆಯ ಹಿಂದೆ ಹೊರಡುತ್ತಾನೆ. ನನಗಿಂತ ಮುಂಚೆ ಇದನ್ನು ಗುರುತಿಸಿದ್ದು ಇಂಗ್ಲಿಷ್ ಬಾರದ ರೈಟರ್ ಅಕ್ಕ. ಯಾವ ಸಮಾಜವನ್ನೂ ಅದರ ನಾಯಕರ ಭಾಷಣದಿಂದ ಅಳೆಯಲಾಗದು, ಹೆಸರಿಲ್ಲದ ಹೆಣವನ್ನು ಅದು ಏನು ಮಾಡುತ್ತದೆ ಎಂಬುದರಿಂದ ಅಳೆಯಬೇಕು ಎಂಬಂಥದನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ರೈಟರ್ ಅಕ್ಕ ಅದಕ್ಕಾಗಿ ಬಸ್ಸು ಹತ್ತಿದರು.

ಶನಿವಾರಗಳು ನಿಂತಿಲ್ಲ. ಶಿವಮೊಗ್ಗದ ರಾಶಿಯಲ್ಲಿ ಮತ್ತೆ ಸಿಗಲಿಲ್ಲವಾದ್ದರಿಂದ ಈಗ ಪುಸ್ತಕಗಳನ್ನು ತರಿಸುತ್ತೇನೆ. ಹೋದ ತಿಂಗಳು ಹೊನ್ನಾಳಿಯಲ್ಲಿ ನೆಂಟರ ಮನೆಗೆ ಬಂದಿದ್ದ ಆ ತಂಗಿ, ರೈಟರ್ ಅಕ್ಕನನ್ನು ನೋಡಲು ಬಂದಳು. ನಾವು ಆಗ ಹೊಸ ಕಾದಂಬರಿಯೊಂದರ ನಡುವೆ ಇದ್ದೆವು. ನಿಲ್ಲಿಸಲು ಹೋದರೆ, “ಓದ್ರಿ, ನಾನೂ ಕೇಳ್ತೀನಿ” ಎಂದು ಬಾಗಿಲ ಬಳಿ ಕೂತಳು. ಅಥೆನ್ಸಿನಲ್ಲಿ ಅವತ್ತು ಮುಷ್ಕರ. ಬಸ್ಸುಗಳಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬಳು ಬಿಸಿಲಿನಲ್ಲಿ ನಗರದ ಈ ತುದಿಯಿಂದ ಆ ತುದಿಗೆ ನಡೆದು ಡ್ಯೂಟಿಗೆ ಹೋಗುತ್ತಾಳೆ. ದಾರಿಯಲ್ಲಿ ಅವಳು ಕಂಡದ್ದೇ ಇಡೀ ಅಧ್ಯಾಯ.

ತಂಗಿ ಕೊನೆಯವರೆಗೂ ಅಲುಗಾಡದೆ ಕೇಳಿದಳು.

“ಅಷ್ಟು ನಡೆದು ಹೋದ್ಮೇಲೆ ಅವ್ಳಿಗೆ ಯಾರಾರ ನೀರು ಕೊಟ್ರಾ?” ಎಂದು ಕೇಳಿದಳು.

ನಾನು ಪುಟ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅದನ್ನು ಬರೆದಿರಲಿಲ್ಲ. ಹಾಗೆಂದು ಹೇಳಿದೆ.

“ಕೊಟ್ಟಿರ್ತಾರೆ ಬಿಡು” ಎಂದರು ರೈಟರ್ ಅಕ್ಕ, ಟೀ ಇಡಲು ಏಳುತ್ತಾ. “ಎಲ್ಲಾನೂ ಬರೆಯಾಕೆ ಆಗಲ್ಲ.”